ಮದ್ರಸದಿಂದ ಹಾಜರಿ ಪುಸ್ತಕಕ್ಕೆ: ಸಿದ್ದಾಪುರ ಸುತ್ತಿನ ಒಂದು ಕಾಫಿ ಲೈನ್‌ನ ಹತ್ತೊಂಬತ್ತು ಮಕ್ಕಳು

ಕಾಫಿ ಕುಯ್ಲು ಶುರುವಾಗುವ ಹೊತ್ತಿಗೆ ಶಾಲೆಯ ಅರ್ಧ ವರ್ಷ ಮುಗಿದಿರುತ್ತದೆ. ಕೊಡಗಿನ ತೋಟಗಳಲ್ಲಿ ಮಕ್ಕಳ ಓದಿನ ಬಗ್ಗೆ ಯೋಚಿಸುವವರು ಮೊದಲು ಗಮನಿಸಬೇಕಾದ್ದು ಇದನ್ನೇ. ದಸರಾ ರಜೆ ಮುಗಿದು ಎರಡನೇ ಅವಧಿ ಆರಂಭವಾಗುವಾಗ ಅಸ್ಸಾಮಿನಿಂದ ಕುಟುಂಬಗಳು ಬಂದಿಳಿಯುತ್ತವೆ. ನವೆಂಬರ್‌ನಿಂದ ಅರೇಬಿಕಾ, ಡಿಸೆಂಬರ್ ಕೊನೆಯಿಂದ ರೊಬಸ್ಟಾ, ಆಮೇಲೆ ಕರಿಮೆಣಸು. ಶಾಲೆಯಲ್ಲಿ ವಾರ್ಷಿಕ ಪರೀಕ್ಷೆ ನಡೆಯುವ ಹೊತ್ತಿಗೆ ಮೆಣಸೂ ಮುಗಿಯುತ್ತ ಬಂದು, ಅವರು ಗಂಟುಮೂಟೆ ಕಟ್ಟುತ್ತಾರೆ. ದಾಖಲಾತಿಯ ತಿಂಗಳಲ್ಲಿ ಮಗು ಇಲ್ಲಿರುವುದಿಲ್ಲ, ಪರೀಕ್ಷೆಯ ತಿಂಗಳಲ್ಲಿಯೂ ಇರುವುದು ಖಾತ್ರಿಯಿಲ್ಲ.

ಈ ಪ್ರಕರಣ ಸಿದ್ದಾಪುರದ ಸುತ್ತಿನ ಒಂದು ಲೈನ್‌ನದು, ಅಂದರೆ ತೋಟದ ಕೂಲಿಯವರ ಸಾಲುಮನೆಗಳದು, 2024–25ರ ಕುಯ್ಲಿನ ಕಾಲದ್ದು. ಯಾವ ಕುಟುಂಬದ, ಯಾವ ತೋಟದ ಗುರುತೂ ಸಿಗಬಾರದೆಂದು ಹಲವು ಲೈನ್‌ಗಳ ವಿವರಗಳನ್ನು ಒಂದೇ ತೋಟದ ರೂಪಕ್ಕೆ ಹೆಣೆದು ಬರೆದಿದ್ದೇವೆ. ಮಕ್ಕಳ ಎಣಿಕೆ ಈ ಹೆಣಿಗೆಗೆ ಸೇರಿದ್ದು, ಅದನ್ನು ಜಿಲ್ಲೆಯ ಅಂಕಿಅಂಶವೆಂದು ಯಾರೂ ಎತ್ತಿಕೊಳ್ಳಬಾರದು. ಕಾನೂನು, ಕಾಲಮಾನ, ಭಾಷೆ, ಲಿಪಿಯ ಸಂಗತಿಗಳು ಇದ್ದದ್ದು ಇದ್ದ ಹಾಗೆ.

ಬಂದವರು ಯಾರು

ಎರಡು ಸಾಲು ಲೈನ್ ಮನೆ, ಹದಿನಾಲ್ಕು ಕುಟುಂಬ. ಅವುಗಳಲ್ಲಿ ಹನ್ನೊಂದು ಬ್ರಹ್ಮಪುತ್ರದ ಚರ್‌ಗಳಿಂದ, ಅಂದರೆ ನದಿಯ ನಡುವಿನ ಮರಳುದಿಬ್ಬಗಳಿಂದ ಬಂದ ಬಂಗಾಳಿ ಮಾತಾಡುವ ಮುಸ್ಲಿಮರು. ಉಳಿದ ಮೂರು ಜಾರ್ಖಂಡಿನ ಆದಿವಾಸಿಗಳು. ಚರ್‌ನ ಜಮೀನು ವರ್ಷವರ್ಷವೂ ಹೊಳೆಗೆ ಕುಸಿಯುತ್ತದೆ. ನೆರೆ ಬಂದರೆ ಇಳಿದ ಮೇಲೆ ಹೊಲವಾದರೂ ಉಳಿಯುತ್ತದೆ, ಕೊರೆತದಲ್ಲಿ ಹೊಲವೇ ಹೋಗುತ್ತದೆ. ಹೀಗೆ ನೆಲ ಕಳೆದುಕೊಂಡವರು ಕಾನೂನಿನ ಭಾಷೆಯಲ್ಲಿ ನಿರಾಶ್ರಿತರಲ್ಲ, ಏಕೆಂದರೆ ಗಡಿ ದಾಟಿಲ್ಲ. ಬದುಕಿನ ಲೆಕ್ಕದಲ್ಲಿ ಅವರು ನಿರಾಶ್ರಿತರೇ. ಮೇಲಾಗಿ, ಇಲ್ಲಿಗೆ ಬಂದ ದಿನದಿಂದ "ಎಲ್ಲಿಯವರು, ದಾಖಲೆ ಏನಿದೆ" ಎಂಬ ಪ್ರಶ್ನೆ ಬೆನ್ನು ಬಿಡುವುದಿಲ್ಲ. 2019ರ ಆಗಸ್ಟ್ 31ರಂದು ಅಸ್ಸಾಮಿನಲ್ಲಿ ಪೌರರ ರಾಷ್ಟ್ರೀಯ ನೋಂದಣಿ, ಅಂದರೆ ಎನ್‌ಆರ್‌ಸಿಯ ಅಂತಿಮ ಪಟ್ಟಿ ಹೊರಬಿದ್ದಾಗ 19 ಲಕ್ಷಕ್ಕೂ ಹೆಚ್ಚು ಜನರ ಹೆಸರು ಹೊರಗುಳಿಯಿತು. ಒಂದಕ್ಷರದ ತಪ್ಪಿಗೆ ಏನಾಗಬಹುದೆಂದು ಈ ತಾಯಂದಿರಿಗೆ ಗೊತ್ತು. ಶಾಲೆಯ ಮೇಜಿನ ಮುಂದೆ ಅವರ ಬಾಯಿ ಕಟ್ಟುವುದು ಯಾಕೆಂದು ಅರ್ಥವಾಗಬೇಕಾದರೆ ಇದು ನೆನಪಿರಬೇಕು.

ನೆಲೆ ತಪ್ಪಿದವರು ಕೊಡಗಿಗೆ ಹೊಸಬರಲ್ಲ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ಯಾಥೊಲಿಕರಿಗೆ ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ ನೆಲೆ ಕೊಟ್ಟದ್ದರಿಂದ ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚ್ 1792ರಷ್ಟು ಹಳೆಯದು. 1850ರ ದಶಕದಲ್ಲಿ ಪಾದ್ರಿ ಹರ್ಮನ್ ಮೊಗ್ಲಿಂಗ್ ಜೀತದಿಂದ ಬಂದ ದಲಿತ ಕುಟುಂಬಗಳಿಗಾಗಿ ಆನಂದಪುರದ ನೆಲೆಯನ್ನು ಕಟ್ಟಿದ. ಕುಶಾಲನಗರದ ಹೊಳೆ ದಾಟಿದರೆ ಬೈಲುಕುಪ್ಪೆಯ ಟಿಬೆಟನ್ನರು, 1963ರಲ್ಲಿ ಆರಂಭವಾದ ಅವರ ನಾಮ್‌ಡ್ರೋಲಿಂಗ್ ಮಠ. ಮೂರೂ ಕಡೆ ಅಕ್ಷರ ಬಂದದ್ದು ಪ್ರಾರ್ಥನೆಯ ಮನೆಯ ಜೊತೆಗೇ. ಆದರೆ ಆ ಮೂವರಿಗೂ ನಿಲ್ಲಲು ನೆಲ ಸಿಕ್ಕಿತ್ತು. ಕುಯ್ಲಿಗೆ ಬಂದವರಿಗೆ ಸಿಗುವುದು ಐದು ತಿಂಗಳ ಲೈನ್ ಮನೆ. ಹಾಗಾಗಿ ಧರ್ಮದ ಮನೆ ಇಲ್ಲಿ ಮಾಡಬೇಕಾದ ಕೆಲಸವೂ ಬೇರೆಯೇ.

ಎಣಿಕೆ

ತೋಟದ ಆಫೀಸಿನಲ್ಲಿ ಕೇಳಿದರೆ ಲೆಕ್ಕ ಬರೆಯುವ ರೈಟರ್ ಹೇಳುವುದು ಒಂದೇ: "ಮಕ್ಕಳು ಯಾರೂ ಇಲ್ಲ." ಅವರ ಹಾಜರಿ ಪಟ್ಟಿಯ ಮಟ್ಟಿಗೆ ಅದು ಸುಳ್ಳೂ ಅಲ್ಲ. ಎಣಿಕೆ ಲೈನ್‌ನಲ್ಲೇ ಆಗಬೇಕು, ಸಂಜೆ ಆರರ ಮೇಲೆ, ಒಲೆ ಹೊತ್ತಿದ ಮೇಲೆ, ಬಂಗಾಳಿ ಅಥವಾ ಹಿಂದಿ ಬಲ್ಲ ಹೆಂಗಸೊಬ್ಬಳು ಜೊತೆಗಿರಬೇಕು. ಭಾನುವಾರ ಹೋಗಿ ಪ್ರಯೋಜನವಿಲ್ಲ, ಸಿದ್ದಾಪುರದ ಸಂತೆಗೆ ಮನೆಮಂದಿಯೆಲ್ಲ ಹೋಗಿರುತ್ತಾರೆ. ಎರಡು ಸಂಜೆಯಲ್ಲಿ ಸಿಕ್ಕ ಲೆಕ್ಕ: ಆರರಿಂದ ಹದಿನಾಲ್ಕರ ಒಳಗಿನವರು 19, ಮೂರು ವರ್ಷದೊಳಗಿನ ಕೂಸುಗಳು 7.

ವಯಸ್ಸು ಕೇಳಿದರೆ "ಹತ್ತು ಇರಬಹುದು" ಎನ್ನುತ್ತಾರೆ. ತಾರೀಕು ಕೇಳುವ ಬದಲು ಘಟನೆ ಕೇಳಬೇಕು. ಎನ್‌ಆರ್‌ಸಿ ಪಟ್ಟಿ ಬಂದಾಗ ಇವಳು ಹಾಲು ಕುಡಿಯುತ್ತಿದ್ದಳೇ, ಓಡಾಡುತ್ತಿದ್ದಳೇ? ನೋಟು ರದ್ದಾದಾಗ ಇವನು ಹುಟ್ಟಿದ್ದನೇ? 2012ರ ದೊಡ್ಡ ನೆರೆಗೆ ಮೊದಲೋ ಆಮೇಲೋ? ಹೀಗೆ ಮೂರು ಪ್ರಶ್ನೆ ಕೇಳಿದರೆ ವಯಸ್ಸು ಒಂದು ವರ್ಷದ ಅಂತರದೊಳಗೆ ಸಿಗುತ್ತದೆ, ದಾಖಲಾತಿಗೆ ಅಷ್ಟು ಸಾಕು. ಶಿಕ್ಷಣ ಹಕ್ಕು ಕಾಯ್ದೆಯ 14ನೇ ಕಲಮಿನ ಪ್ರಕಾರ ವಯಸ್ಸಿನ ದಾಖಲೆ ಇಲ್ಲವೆಂದು ಮಗುವನ್ನು ವಾಪಸು ಕಳಿಸುವಂತಿಲ್ಲ.

ಹತ್ತೊಂಬತ್ತು ಮಕ್ಕಳು ದಿನವಿಡೀ ಏನು ಮಾಡುತ್ತಿದ್ದರು? ಐದು ಹುಡುಗಿಯರು ಕೂಸು ನೋಡಿಕೊಳ್ಳುತ್ತಿದ್ದರು. ಎಂಟು ಮಕ್ಕಳು ಗಿಡದ ಬುಡದಲ್ಲಿ ಉದುರಿದ ಹಣ್ಣು ಆರಿಸುವುದು, ಅಪ್ಪ ಅಮ್ಮ ಕುಯ್ದದ್ದನ್ನು ಚೀಲಕ್ಕೆ ತುಂಬುವುದು, ಚೀಲವನ್ನು ತೂಕದ ಜಾಗಕ್ಕೆ ಎಳೆದು ತರುವುದು ಮಾಡುತ್ತಿದ್ದರು. ಉಳಿದವರು ಸೌದೆ, ನೀರು, ಅಡುಗೆ. ಮಗುವಿನ ದುಡಿಮೆ ಕಣ್ಣಿಗೆ ಬೀಳದಂತೆ ಮಾಡುವುದು ಕೆ.ಜಿ. ಲೆಕ್ಕದ ಕೂಲಿ. ಮಗು ಆರಿಸಿದ ಎಂಟು ಕೆ.ಜಿ. ಅಪ್ಪನ ಚೀಟಿಯಲ್ಲಿ ತೂಗುತ್ತದೆ, ಪುಸ್ತಕದಲ್ಲಿ ಅಪ್ಪನ ಹೆಸರು ಮಾತ್ರ. "ಅಪ್ಪ ಅಮ್ಮನ ಜೊತೆ ತಾನೆ, ಮನೆಗೆಲಸದ ಹಾಗೆ" ಎಂಬ ಮಾತು ಎಲ್ಲ ಕಡೆ ಕೇಳುತ್ತದೆ. ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿ ವಿನಾಯಿತಿ ಕೊಟ್ಟಿರುವುದು ಸ್ವಂತ ಮನೆಯ ಕಸುಬಿಗೆ, ಅದೂ ಶಾಲೆಯ ಸಮಯದ ಆಚೆಗೆ. ಬೇರೊಬ್ಬರ ಕಾಫಿ ತೋಟ ಈ ಕುಟುಂಬದ ಕಸುಬಲ್ಲ. ಹದಿನಾಲ್ಕರ ಒಳಗಿನ ಮಗುವನ್ನು ಅಲ್ಲಿ ದುಡಿಸಿದರೆ ಆರು ತಿಂಗಳಿಂದ ಎರಡು ವರ್ಷದವರೆಗೆ ಸೆರೆ, 20,000ದಿಂದ 50,000 ರೂಪಾಯಿ ದಂಡ, ಅಥವಾ ಎರಡೂ.

ಮದ್ರಸ ಯಾಕೆ, ಮತ್ತು ಮದ್ರಸ ಯಾಕೆ ಸಾಲದು

ಊರಿನ ಮಸೀದಿಗೆ ಸೇರಿದ ಮದ್ರಸ ಲೈನ್‌ನಿಂದ ಮುಕ್ಕಾಲು ಕಿಲೋಮೀಟರ್. ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ಪಾಠ. ಬಂದು ವಾರವಾಗುವಷ್ಟರಲ್ಲಿ 19ರಲ್ಲಿ 13 ಮಕ್ಕಳು ಅಲ್ಲಿ ಕೂತಿದ್ದರು. ಯಾರೂ ಒತ್ತಾಯ ಮಾಡಿರಲಿಲ್ಲ. ಆಧಾರ್ ಕೇಳದ, ವಯಸ್ಸು ಕೇಳದ ಬಾಗಿಲು ಅದೊಂದೇ. ಮೇಲಾಗಿ ಚರ್‌ನಲ್ಲೂ ಮಗು ಬೆಳಿಗ್ಗೆ ಮಕ್ತಬಿಗೆ, ಅಂದರೆ ಕುರಾನ್ ಪಾಠದ ಮನೆಗೆ ಹೋಗುವುದು ರೂಢಿ. ಇಲ್ಲಿನ ಉಸ್ತಾದರನ್ನು, ಅಂದರೆ ಮದ್ರಸದ ಗುರುಗಳನ್ನು, ತಾಯಂದಿರು ತಮ್ಮೂರಿನ ಹಾಗೆ "ಹುಜೂರ್" ಎಂದೇ ಕರೆಯುತ್ತಾರೆ. ಹುಜೂರ್ ಹೇಳಿದರೆ ಅಪ್ಪ ಕೇಳುತ್ತಾನೆ. ಶಿಕ್ಷಣ ಇಲಾಖೆಯ ಯಾವ ಸುತ್ತೋಲೆಗೂ ಆ ಶಕ್ತಿಯಿಲ್ಲ.

ಆದರೂ ಮದ್ರಸದಲ್ಲಿ ಕೂತ ಮಗು ಕಾನೂನಿನ ಕಣ್ಣಿಗೆ ಶಾಲೆಯ ಹೊರಗಿರುವ ಮಗುವೇ. ಮದ್ರಸ, ವೇದ ಪಾಠಶಾಲೆ ಮತ್ತು ಮುಖ್ಯವಾಗಿ ಧರ್ಮಪಾಠ ಹೇಳುವ ಸಂಸ್ಥೆಗಳಿಗೆ ಶಿಕ್ಷಣ ಹಕ್ಕು ಕಾಯ್ದೆ ಅನ್ವಯಿಸುವುದಿಲ್ಲ ಎಂದು 2012ರ ತಿದ್ದುಪಡಿ ಸ್ಪಷ್ಟವಾಗಿ ಹೇಳಿದೆ. ಅಲ್ಲಿ ಐದು ತಿಂಗಳು ಓದಿದರೂ ವಿದ್ಯಾರ್ಥಿ ಸಂಖ್ಯೆಯಿಲ್ಲ, ವರ್ಗಾವಣೆ ಪತ್ರವಿಲ್ಲ, ಮಧ್ಯಾಹ್ನದ ಊಟವಿಲ್ಲ, ಪಠ್ಯಪುಸ್ತಕವಿಲ್ಲ. ಮಸೀದಿ ನೋಡಿಕೊಳ್ಳುವ ಜಮಾತ್ ಸಮಿತಿ ಮೊದಲು ಯೋಚಿಸಿದ್ದು ಮದ್ರಸದಲ್ಲೇ ಒಬ್ಬ ಟೀಚರ್ ಇಟ್ಟು ಕನ್ನಡ, ಲೆಕ್ಕ ಹೇಳಿಸೋಣ, ಚೆನ್ನಾಗಿ ಬಂದ ಮೇಲೆ ಶಾಲೆಗೆ ಸೇರಿಸೋಣ ಎಂದು. ಒಳ್ಳೆಯ ಮನಸ್ಸಿನಿಂದ ಹುಟ್ಟಿದ ಯೋಚನೆಯೇ, ಆದರೆ ಕ್ರಮ ತಲೆಕೆಳಗು. 4ನೇ ಕಲಮು ಹೇಳುವುದು ಮೊದಲು ವಯಸ್ಸಿಗೆ ತಕ್ಕ ತರಗತಿಗೆ ದಾಖಲಾತಿ, ಆಮೇಲೆ ವಿಶೇಷ ತರಬೇತಿ. ಆ ತರಬೇತಿ ಕನಿಷ್ಠ ಮೂರು ತಿಂಗಳು, ಹೆಚ್ಚೆಂದರೆ ಎರಡು ವರ್ಷ. ಐದು ತಿಂಗಳಷ್ಟೇ ಇಲ್ಲಿರುವ ಮಗುವನ್ನು "ಕಲಿತ ಮೇಲೆ ಸೇರಿಸೋಣ" ಎಂದು ಕೂರಿಸಿದರೆ ಅದು ಎಂದೂ ಸೇರುವುದಿಲ್ಲ.

ನಮ್ಮ ಅಭಿಪ್ರಾಯದಲ್ಲಿ ಈ ಪ್ರಕರಣದ ತಿರುವು ಇಲ್ಲೇ ಇದೆ. ಸಮಿತಿಯ ಹಿರಿಯರು ತಮ್ಮ ಯೋಚನೆಯನ್ನು ಬಿಟ್ಟುಕೊಟ್ಟರು. ಮದ್ರಸ ಶಾಲೆಯ ಜಾಗ ಹಿಡಿಯುವುದು ಬೇಡ, ಮಗುವನ್ನು ಬೆಳಿಗ್ಗೆ ಎಬ್ಬಿಸಿ, ಉಣಿಸಿ, ಶಾಲೆಯ ಗೇಟಿನವರೆಗೆ ತಲುಪಿಸುವ ಮನೆಯಾಗಲಿ ಎಂದು ತೀರ್ಮಾನಿಸಿದರು.

ಎಂಟೂವರೆಯಿಂದ ಒಂಬತ್ತೂವರೆ

ಮೊದಲ ವಾರ ಹದಿಮೂರು ಮಕ್ಕಳು ಮದ್ರಸಕ್ಕೆ ಬಂದರೂ ಶಾಲೆ ಮುಟ್ಟಿದ್ದು ನಾಲ್ವರು. ಮಿಕ್ಕವರು ಎಂಟೂವರೆಗೇ ಎದ್ದು ತೋಟಕ್ಕೆ ಓಡುತ್ತಿದ್ದರು. ಕಾರಣ ಹಸಿವು. ಲೈನ್‌ನಲ್ಲಿ ಬೆಳಗಿನ ಅನ್ನ ಬುತ್ತಿಗೆ ಹೋಗುತ್ತದೆ, ಬುತ್ತಿ ತೋಟಕ್ಕೆ ಹೋಗುತ್ತದೆ, ಮಗು ಬುತ್ತಿಯ ಹಿಂದೆ ಹೋಗುತ್ತದೆ. ಶಾಲೆಯ ಊಟ ಮಧ್ಯಾಹ್ನಕ್ಕೆ. ಮೊಟ್ಟೆ 2024ರ ಸೆಪ್ಟೆಂಬರ್‌ನಿಂದ ವಾರಕ್ಕೆ ಆರು ದಿನ ಸಿಗುತ್ತದೆ ನಿಜ, ಆದರೆ ಏಳು ಗಂಟೆಗೆ ಖಾಲಿ ಹೊಟ್ಟೆಯಲ್ಲಿ ಬಂದ ಮಗು ಅಲ್ಲಿಯವರೆಗೆ ಕಾಯುವುದಿಲ್ಲ.

ಆದ್ದರಿಂದ ಮದ್ರಸದ ಪಾಠ ಎಂಟೂಕಾಲಿಗೆ ಮುಗಿದು, ಅಲ್ಲೇ ತಿಂಡಿ ಶುರುವಾಯಿತು. ಮಗುವಿಗೆ 80 ಗ್ರಾಂ ರವೆಯಂತೆ 20 ಜನಕ್ಕೆ 1.6 ಕೆ.ಜಿ. ರವೆಯ ಉಪ್ಪಿಟ್ಟು, ಜೊತೆಗೆ ಬಾಳೆಹಣ್ಣು. ಮೊದಲ ಮೂರು ದಿನ ಅರ್ಧ ಉಳಿಯಿತು. ಅನ್ನ ತಿಂದು ಬೆಳೆದ ಮಕ್ಕಳಿಗೆ ಉಪ್ಪಿಟ್ಟು ಹಿಡಿಸಲಿಲ್ಲ. ಅನ್ನಕ್ಕೆ ಆಲೂಗಡ್ಡೆ, ಹಸಿಮೆಣಸು, ಸಾಸಿವೆ ಎಣ್ಣೆ ಹಾಕಿ ಕಿವುಚಿ ಕೊಟ್ಟಾಗ ತಟ್ಟೆ ಖಾಲಿಯಾಯಿತು. ಅಕ್ಕಿ ಮಗುವಿಗೆ 90 ಗ್ರಾಂ. ಹಾಗೆ ಮಾಡುವುದನ್ನು ಅಡುಗೆಯಾಕೆಗೆ ಹೇಳಿಕೊಟ್ಟವಳು ಲೈನ್‌ನ ಒಬ್ಬ ಅಜ್ಜಿ. ಆಕೆ ಮುಂದೆ ಇನ್ನೂ ದೊಡ್ಡ ಕೆಲಸಕ್ಕೆ ಬಂದಳು.

ಎರಡನೆಯ ಅಡ್ಡಿ ಆನೆ. ಮದ್ರಸದಿಂದ ಸರ್ಕಾರಿ ಶಾಲೆಗೆ ಎರಡು ಕಿಲೋಮೀಟರ್ ತೋಟದ ದಾರಿ. ಸಿದ್ದಾಪುರ, ಮಾಲ್ದಾರೆ ಕಡೆಯ ತೋಟಗಳಲ್ಲಿ ಕಾಡಾನೆ ಹಗಲಲ್ಲೂ ಬೀಡುಬಿಟ್ಟಿರುತ್ತವೆ. ಮಕ್ಕಳನ್ನು ಒಬ್ಬೊಬ್ಬರಾಗಿ ಬಿಡುವ ಮಾತೇ ಇಲ್ಲ. ಒಂಬತ್ತಕ್ಕೆ ಮುಂಚೆ ಹೊರಡುವುದಿಲ್ಲ. ಹೊರಡುವ ಮುನ್ನ ತೋಟದ ವಾಚ್‌ಮನ್‌ಗೆ ಫೋನ್. ಮುಂದೆ ಒಬ್ಬರು, ಹಿಂದೆ ಒಬ್ಬರು ದೊಡ್ಡವರು. ಆನೆ ಇರುವ ಸುದ್ದಿ ಬಂದ ದಿನ ಸಮಿತಿಯವರ ಜೀಪು ಎರಡು ಸುತ್ತು. ಸಂಜೆ ನಾಲ್ಕೂಕಾಲಿಗೆ ವಾಪಸಾಗುವಾಗಲೂ ಇದೇ ಕ್ರಮ. ಒಮ್ಮೆ ಸಂಜೆಯ ಸರದಿಯವರು ಬಾರದೆ ಮಕ್ಕಳು ತಾವೇ ನಡೆದು ಬಂದರು. ಏನೂ ಆಗಲಿಲ್ಲ, ಆದರೆ ಮಾರನೆಯ ದಿನ ಆರು ಹುಡುಗಿಯರನ್ನು ಮನೆಯವರು ಕಳಿಸಲಿಲ್ಲ. ಅಂದಿನಿಂದ ಸಂಜೆಗೆ ಇಬ್ಬರ ಜೊತೆ ಮೂರನೆಯವರ ಹೆಸರನ್ನೂ ಬರೆದಿಡುವುದಾಯಿತು.

ಸೊಂಟದ ಮೇಲಿನ ಕೂಸು

ಕೂಸು ನೋಡಿಕೊಳ್ಳುವ ಐದು ಹುಡುಗಿಯರಲ್ಲಿ ಮೂವರು ಮದ್ರಸಕ್ಕೆ ಕೂಸನ್ನು ಎತ್ತಿಕೊಂಡೇ ಬರುತ್ತಿದ್ದರು. ಕೂಸು ಅತ್ತರೆ ಪಾಠ ಕೆಡುತ್ತದೆಂದು ಉಸ್ತಾದರು ಒಂದು ದಿನ ಸ್ವಲ್ಪ ಗದರಿದರು. ಮೂವರೂ ನಿಂತರು. ಹುಡುಗಿಯರ ಓದು ತಪ್ಪಿಸುವ ಕಾರಣಗಳಲ್ಲಿ ಕೂಸಿನಷ್ಟು ದೊಡ್ಡದು ಈ ಲೈನ್‌ನಲ್ಲಿ ಬೇರೊಂದಿರಲಿಲ್ಲ. ಬಡತನ, ಧರ್ಮ, ಮದುವೆ ಎಂದು ದೊಡ್ಡ ದೊಡ್ಡ ಕಾರಣ ಹುಡುಕುವವರು ಒಮ್ಮೆ ಆ ಸೊಂಟವನ್ನು ನೋಡಬೇಕು.

ಮಹಿಳಾ ಕೆಲಸಗಾರರು 50 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಇಲ್ಲವೇ ಅವರ ಮಕ್ಕಳು 20 ಇದ್ದರೆ ತೋಟದವರು ಶಿಶುಮನೆ ನಡೆಸಬೇಕೆಂದು 1951ರ ತೋಟ ಕಾರ್ಮಿಕ ಕಾಯ್ದೆ ಹೇಳಿತ್ತು. ಕುಯ್ಲಿನವರು ಅವರನ್ನು ಕರೆತರುವ ಮೇಸ್ತ್ರಿಯ ಲೆಕ್ಕದಲ್ಲಿ ಬರುವುದರಿಂದ ತೋಟದ ಪುಸ್ತಕದಲ್ಲಿ ಆ ಸಂಖ್ಯೆ ಎಂದೂ ಮುಟ್ಟುವುದಿಲ್ಲ. ಅಂಗನವಾಡಿ ಮೂರು ವರ್ಷ ತುಂಬಿದವರಿಗೆ. ಕಾನೂನು ಹಿಡಿದು ಜಗ್ಗುತ್ತ ಕೂತರೆ ಕುಯ್ಲು ಮುಗಿದುಹೋಗುತ್ತಿತ್ತು. ಮಾಲೀಕರ ಮನೆಯವರ ಬಳಿ ಕೇಳಿದ್ದು ಎರಡೇ: ಲೈನ್‌ನ ಒಂದು ಖಾಲಿ ಕೋಣೆ, ಮತ್ತು ಅಲ್ಲಿಗೆ ನೀರು. ಕೊಟ್ಟರು. ಆಗಲೇ ಹೇಳಿದ ಅಜ್ಜಿ ಮತ್ತು ಇನ್ನೊಬ್ಬ ಹೆಂಗಸು ಎಂಟರಿಂದ ನಾಲ್ಕೂವರೆಯವರೆಗೆ ಏಳು ಕೂಸುಗಳನ್ನು ನೋಡಿಕೊಳ್ಳಲು ಒಪ್ಪಿದರು. ಅವರಿಗೆ ದಿನಗೂಲಿ ಸಮಿತಿಯಿಂದ. ಮೂರು ಚಾಪೆ, ಸೀರೆಯ ಎರಡು ಜೋಲಿ, ಮುಚ್ಚಳವಿರುವ ನೀರಿನ ಪಾತ್ರೆ, ಒಲೆಗೆ ಅಡ್ಡವಾಗಿ ತಗಡು. ಹಾಲುಣಿಸುವ ಇಬ್ಬರು ತಾಯಂದಿರಿಗೆ ಹತ್ತೂವರೆಗೂ ಎರಡೂವರೆಗೂ ಬಂದು ಹೋಗಲು ಹತ್ತಿರದ ಪಟ್ಟೆಯಲ್ಲೇ ಕುಯ್ಲು ಕೊಡುವಂತೆ ಮೇಸ್ತ್ರಿಗೆ ಹೇಳಬೇಕಾಯಿತು. ಇದನ್ನು ಮರೆತ ವಾರ ಕೂಸೂ ಅಕ್ಕನೂ ಮತ್ತೆ ತೋಟದಲ್ಲಿದ್ದರು.

ಡಿಸೆಂಬರ್ ಎರಡನೇ ವಾರಕ್ಕೆ ಐವರಲ್ಲಿ ನಾಲ್ವರು ಶಾಲೆಯಲ್ಲಿದ್ದರು.

ಹೆಸರು ಬರೆಸುವುದು

ಮುಖ್ಯೋಪಾಧ್ಯಾಯಿನಿ ಬಾಗಿಲು ಮುಚ್ಚಿದವರಲ್ಲ. ಅವರ ಕಷ್ಟ ಕಂಪ್ಯೂಟರಿನದು: ವಿದ್ಯಾರ್ಥಿ ಸಾಧನೆ ಪತ್ತೆ ವ್ಯವಸ್ಥೆ, ಅಂದರೆ ಎಲ್ಲರೂ ಸ್ಯಾಟ್ಸ್ ಎನ್ನುವ ಜಾಲದಲ್ಲಿ ಹೆಸರು ಏರಿಸುವಾಗ ಆಧಾರ್ ಕೇಳುತ್ತದೆ. ಆಧಾರ್ ಇಲ್ಲವೆಂದು ಮಗುವಿನ ಶಾಲಾ ಪ್ರವೇಶ ತಡೆಯುವಂತಿಲ್ಲ ಎಂಬುದು 2018ರ ಸೆಪ್ಟೆಂಬರ್‌ನ ಸುಪ್ರೀಂ ಕೋರ್ಟ್ ತೀರ್ಪಿನಲ್ಲೇ ಇದೆ. ವರ್ಷದ ನಡುವೆ ಬಂದ ಮಗುವನ್ನೂ ಸೇರಿಸಿಕೊಳ್ಳಬೇಕೆಂದು ಶಿಕ್ಷಣ ಹಕ್ಕು ಕಾಯ್ದೆಯ 15ನೇ ಕಲಮು ಹೇಳುತ್ತದೆ. 3ನೇ ಕಲಮು ಪ್ರತಿ ಮಗುವಿಗೂ ಹಕ್ಕಿದೆ ಎನ್ನುತ್ತದೆ, ಪೌರತ್ವದ ಷರತ್ತು ಅಲ್ಲಿಲ್ಲ. ಸುತ್ತಿನ ಶಾಲೆಗಳನ್ನು ನೋಡಿಕೊಳ್ಳುವ ಇಲಾಖೆಯ ಸಿ.ಆರ್.ಪಿ.ಯವರನ್ನು (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಒಂದು ಮಧ್ಯಾಹ್ನ ಶಾಲೆಗೆ ಕರೆಸಿ, ಹದಿನಾಲ್ಕು ಮಕ್ಕಳ ಹೆಸರನ್ನು ಒಟ್ಟಿಗೆ ಏರಿಸಿದ್ದರಿಂದ ಕೆಲಸ ಹಗುರಾಯಿತು. ಒಂದೊಂದೇ ಮಗುವನ್ನು ಒಂದೊಂದು ದಿನ ಕರೆದೊಯ್ದಿದ್ದರೆ ಪ್ರತಿ ಸಲವೂ ಅದೇ ವಾದ.

ನಿಜವಾದ ಸೂಕ್ಷ್ಮ ಇರುವುದು ಹೆಸರಿನಲ್ಲಿ. ಚರ್‌ನ ಹೆಂಗಸಿನ ಹೆಸರು ಮದುವೆಗೆ ಮುಂಚೆ ಖಾತುನ್ ಎಂದು ಮುಗಿದರೆ ಮದುವೆಯಾದ ಮೇಲೆ ಬೇಗಂ ಅಥವಾ ನೆಸ್ಸಾ, ಗಂಡ ತೀರಿಕೊಂಡರೆ ಬೇವಾ. ಒಬ್ಬಳೇ ಹೆಂಗಸಿಗೆ ಮೂರು ದಾಖಲೆಯಲ್ಲಿ ಮೂರು ಹೆಸರು. ಇಲ್ಲಿನ ಶಾಲೆಯಲ್ಲಿ ತಾಯಿಯ ಹೆಸರನ್ನು ಕೇಳಿದಂತೆ ಕನ್ನಡದಲ್ಲಿ ಬರೆದು, ಅದರಿಂದ ಇಂಗ್ಲಿಷಿಗೆ ತಂದರೆ ನಾಲ್ಕನೆಯ ಹೆಸರು ಹುಟ್ಟುತ್ತದೆ. ಮೊದಲ ದಿನ ಒಬ್ಬ ತಾಯಿ ಹೆಸರು ಹೇಳದೆ ಎದ್ದು ಹೋದದ್ದು ಹಟದಿಂದಲ್ಲ. ಆಮೇಲೆ ರೂಢಿಯಾದ ಕ್ರಮ ಹೀಗೆ: ಊರಿಂದ ತಂದ ದಾಖಲೆಯಲ್ಲಿ ಯಾವುದನ್ನು ಮನೆಯವರು ಮುಖ್ಯವೆಂದು ಇಟ್ಟುಕೊಂಡಿದ್ದಾರೋ ಅದರಿಂದ ಅಕ್ಷರಕ್ಕಕ್ಷರ ಇಂಗ್ಲಿಷಿನಲ್ಲಿ ಮೊದಲು ಬರೆದುಕೊಳ್ಳುವುದು, ಅದನ್ನು ನೋಡಿ ಕನ್ನಡಕ್ಕೆ ತರುವುದು, ತಂದೆ ತಾಯಿಗೆ ಗಟ್ಟಿಯಾಗಿ ಓದಿ ಹೇಳುವುದು, ಅವರು ಹೂಂ ಅಂದ ಮೇಲೇ ಏರಿಸುವುದು. ಮಗುವಿಗೆ ಏಳು ನಿಮಿಷ ಹಿಡಿಯುತ್ತದೆ. ಆ ಏಳು ನಿಮಿಷ ಉಳಿಸಬಾರದು.

ಬಲದಿಂದ ಎಡಕ್ಕೆ

ಶಾಲೆಯ ಟೀಚರಿಗೆ ಮೊದಲ ದಿನವೇ ಕಂಡದ್ದು, ಕೆಲ ಮಕ್ಕಳು ಪುಸ್ತಕವನ್ನು ಹಿಂದಿನಿಂದ ತೆರೆಯುತ್ತಾರೆ, ಬಲಗಡೆಯಿಂದ ಗೆರೆ ಎಳೆಯುತ್ತಾರೆ. ಹತ್ತು ವರ್ಷದ ಹುಡುಗ "ರಗಸ" ಎಂದು ಬರೆಯಲು ಹೇಳಿದರೆ "ಸಗರ" ಎಂದು ಬರೆದ. ದಡ್ಡತನವೆಂದು ಒಂದನೇ ತರಗತಿಗೆ ಕೂರಿಸುವ ಅಪಾಯವಿತ್ತು. ಅವನಿಗೆ ಗೊತ್ತಿದ್ದ ಒಂದೇ ಲಿಪಿ ಅರಬಿ, ಅದು ಬಲದಿಂದ ಎಡಕ್ಕೆ ಹೋಗುತ್ತದೆ. ಅಕ್ಷರವೆಂದರೇನು, ಒಂದು ಗುರುತಿಗೆ ಒಂದು ಧ್ವನಿ ಎಂದರೇನು ಎಂಬುದು ಅವನಿಗೆ ಆಗಲೇ ಬಂದಿತ್ತು. ದಿಕ್ಕು ಮಾತ್ರ ಬೇರೆ. ಪ್ರತಿ ಹಾಳೆಯ ಎಡ ಅಂಚಿಗೆ ಕೆಂಪು ಚುಕ್ಕಿ ಇಟ್ಟು "ಇಲ್ಲಿಂದ ಹೊರಡು" ಎಂದು ಹೇಳಿಕೊಟ್ಟಾಗ ಹತ್ತು ಹನ್ನೆರಡು ದಿನದಲ್ಲಿ ಸರಿಹೋಯಿತು. ಉಸ್ತಾದರೂ ಮದ್ರಸದ ಹಲಗೆಯ ಮೇಲೆ ಬಲಕ್ಕೆ ಹಸಿರು ಚುಕ್ಕಿ, ಎಡಕ್ಕೆ ಕೆಂಪು ಚುಕ್ಕಿ ಇಟ್ಟರು: ಅರಬಿ ಹಸಿರಿಂದ, ಕನ್ನಡ ಕೆಂಪಿನಿಂದ.

ಭಾಷೆಯ ಗೋಜಲು ಇನ್ನೂ ಇತ್ತು. ಮನೆಯಲ್ಲಿ ಬಂಗಾಳಿ, ಮೇಸ್ತ್ರಿಯ ಜೊತೆ ಹಿಂದಿ, ಶಾಲೆಯಲ್ಲಿ ಕನ್ನಡ. ಕೊಡಗಿನ ಹಲವು ಮದ್ರಸಗಳಂತೆ ಇಲ್ಲಿಯೂ ಪಾಠ ಮಲಯಾಳದಲ್ಲಿ, ಪುಸ್ತಕ ಅರಬಿ-ಮಲಯಾಳ ಲಿಪಿಯಲ್ಲಿ. ಎಂಟು ವರ್ಷದ ಮಗು ದಿನಕ್ಕೆ ನಾಲ್ಕು ಭಾಷೆ ದಾಟಬೇಕು. ಹೊಸ ಮಕ್ಕಳಿಗೆ ಮಲಯಾಳ ಪಾಠವನ್ನು ಬಿಡಿಸಿ ಕುರಾನ್ ಓದಷ್ಟೇ ಇಡಲು ಉಸ್ತಾದರು ಒಪ್ಪಿದ್ದು ಸಣ್ಣ ಮಾತಲ್ಲ, ಅವರ ಪಠ್ಯಕ್ರಮಕ್ಕೆ ಪರೀಕ್ಷೆಯೂ ಇದೆ.

ಕನ್ನಡವನ್ನು ಸರ್ಕಾರಿ ಶಾಲೆಯ ನಲಿ-ಕಲಿ ಪದ್ಧತಿಯ ರ, ಗ, ಸ, ದ, ಅ ಕ್ರಮದಲ್ಲೇ ಕಲಿಸಲಾಯಿತು. ಆದರೆ ಮೊದಲ ಮೂವತ್ತು ಪದಗಳನ್ನು ಬಂಗಾಳಿಯ ಮಗುವಿಗೆ ಆಗಲೇ ಕಿವಿಗೆ ಬಿದ್ದಿರುವಂಥವುಗಳಿಂದ ಆರಿಸಲಾಯಿತು: ನದಿ, ಜಲ, ಆಕಾಶ, ಮಾಂಸ, ಫಲ ಒಂದು ಕಡೆ. ಕಾಗದ, ಚಾಕು, ಸಾಬೂನು, ಜಮೀನು, ಹಾಜರಿ, ಬಾಕಿ ಇನ್ನೊಂದು ಕಡೆ. ನದಿ ಎಂದು ಓದಿ ಅರ್ಥ ಹೊಳೆದಾಗ ಆ ಮಕ್ಕಳ ಮುಖ ಅರಳುವುದನ್ನು ನೋಡಬೇಕು. ಎಡವುವ ಜಾಗಗಳೂ ಮೊದಲೇ ಗೊತ್ತಿರಲಿ: ವ ಬಂದಲ್ಲಿ ಬ, ಳ ಬಂದಲ್ಲಿ ಲ, ಣ ಬಂದಲ್ಲಿ ನ, ಅ ಬಂದಲ್ಲಿ ಒ. "ಮಳೆ"ಯನ್ನು "ಮಲೆ" ಎಂದರೆ ಮೊದಲ ತಿಂಗಳು ತಿದ್ದುವುದು ಬೇಡ, ಅದು ಕಿವಿಯ ತಪ್ಪು, ಬುದ್ಧಿಯದಲ್ಲ.

ಲೆಕ್ಕದಲ್ಲಿ ಈ ಮಕ್ಕಳು ಮುಂದಿದ್ದರು, ಬಾಯಿಲೆಕ್ಕ ಮಾತ್ರ. 37 ಕೆ.ಜಿ.ಗೆ ಎಷ್ಟಾಯಿತೆಂದು ಹನ್ನೊಂದು ವರ್ಷದವನು ಕ್ಷಣದಲ್ಲಿ ಹೇಳುತ್ತಾನೆ, ಬರೆ ಎಂದರೆ ಕೈ ನಿಲ್ಲುತ್ತದೆ. ಟೀಚರ್ ತೂಕದ ಚೀಟಿಯ ನಕಲನ್ನೇ ಪಾಠವಾಗಿಸಿದರು. ಮೂರು ವಾರದಲ್ಲಿ ಒಬ್ಬ ಹುಡುಗ ಅಪ್ಪನ ನಿಜವಾದ ಚೀಟಿ ಓದಿ, ಖಾಲಿ ಚೀಲದ ತೂಕವೆಂದು ಪ್ರತಿ ಚೀಲಕ್ಕೆ ಎರಡು ಕೆ.ಜಿ. ಕಳೆದಿರುವುದನ್ನು ತೋರಿಸಿದ. ಗೋಣಿಚೀಲ ಅಷ್ಟು ತೂಗುವುದಿಲ್ಲ. ಮೇಸ್ತ್ರಿಗೆ ಸಿಟ್ಟು ಬಂತು, "ಇದಕ್ಕೇ ಶಾಲೆಗೆ ಕಳಿಸಿದ್ದಾ" ಎಂದ. ಅಪ್ಪ ಮಗನನ್ನು ಎರಡು ದಿನ ಮನೆಯಲ್ಲಿ ಕೂರಿಸಿದ. ಸಮಿತಿಯ ಹಿರಿಯರೊಬ್ಬರು ತೋಟದ ಮಾಲೀಕರ ಜೊತೆ ಮಾತಾಡಿ, ಖಾಲಿ ಚೀಲವನ್ನು ಎಲ್ಲರೆದುರು ತೂಗಿಸಿ ಕಡಿತ ಸರಿಮಾಡಿಸಿದರು. ಹುಡುಗ ಮೂರನೆಯ ದಿನ ಶಾಲೆಗೆ ಬಂದ.

ಬೆತ್ತ, ಒಪ್ಪಿಗೆ, ಝಕಾತ್

ಮದ್ರಸದಲ್ಲಿ ಬೆತ್ತವಿತ್ತು. ಊರಿನ ಮಕ್ಕಳು ಏಟು ತಿಂದು ಮಾರನೆಯ ದಿನ ಬರುತ್ತಾರೆ, ಮನೆಯವರು ಕಳಿಸುತ್ತಾರೆ. ದುಡಿಯುವ ಮಗುವಿಗೆ ಹೋಗಲು ಇನ್ನೊಂದು ಜಾಗವಿದೆ, ತೋಟ. ಒಂದು ಏಟಿಗೆ ಅದು ಅಲ್ಲಿಗೆ ಹೋಗುತ್ತದೆ. ಹಾಗೆ ಹೋದ ಮಗುವೊಂದನ್ನು ವಾಪಸು ತರಲು ಎಂಟು ದಿನ ಬೇಕಾಯಿತು. ಅಂದಿನಿಂದ ಬೆತ್ತ ಒಳಗೆ ಹೋಯಿತು. ಯಾವ ಧರ್ಮದ ಪಾಠಶಾಲೆಯಾದರೂ ಬೆತ್ತ ಇಟ್ಟುಕೊಂಡು ದುಡಿಯುವ ಮಕ್ಕಳಿಗೆ ನೆರವಾಗುತ್ತೇವೆ ಎನ್ನುವುದು ಆಗದ ಮಾತು.

ಜಾರ್ಖಂಡಿನ ಮೂರು ಕುಟುಂಬಗಳ ನಾಲ್ಕು ಮಕ್ಕಳೂ ತಿಂಡಿಯ ಹೊತ್ತಿಗೆ ಬರತೊಡಗಿದರು. ಅವರಲ್ಲಿ ಇಬ್ಬರು ಕ್ರೈಸ್ತರು. ಸಮಿತಿ ಒಂದು ನಿಯಮ ಬರೆದುಕೊಂಡಿತು: ತಿಂಡಿ, ನಡಿಗೆ, ಕೂಸಿನ ಕೋಣೆ ಎಲ್ಲರಿಗೂ. ಧರ್ಮಪಾಠ ಬೇರೆ ಕೋಣೆಯಲ್ಲಿ, ಬೇರೆ ಹೊತ್ತಿನಲ್ಲಿ, ತಂದೆ ತಾಯಿ ಬರೆದುಕೊಟ್ಟ ಮಕ್ಕಳಿಗೆ ಮಾತ್ರ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರುವ ಸಂಸ್ಥೆಯಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಧರ್ಮಬೋಧೆಗೆ ಕೂರಿಸಬಾರದೆಂದು ಸಂವಿಧಾನದ 28(3)ನೇ ವಿಧಿ ಹೇಳುತ್ತದೆ. ಮದ್ರಸಕ್ಕೆ ಅದು ನೇರವಾಗಿ ತಗಲದಿದ್ದರೂ ಅಳತೆಗೋಲು ಅದೇ ಇರಲಿ ಎಂದರು. ರಾಜ್ಯದಲ್ಲಿ 2022ರಲ್ಲಿ ಬಂದ ಮತಾಂತರ ಕಾಯ್ದೆ, ಧಾರ್ಮಿಕ ಸಂಸ್ಥೆಯ ಶಾಲೆಯ ಉಚಿತ ಶಿಕ್ಷಣವನ್ನೂ ಆಮಿಷದ ವ್ಯಾಖ್ಯೆಗೆ ಸೇರಿಸಿತ್ತು. ಅದನ್ನು ಹಿಂಪಡೆಯಲು 2023ರಲ್ಲಿ ಸಂಪುಟ ತೀರ್ಮಾನಿಸಿತು. ಕಾಯ್ದೆ ಇರಲಿ ಬಿಡಲಿ, ಹಸಿದ ಮಗುವಿನ ತಟ್ಟೆಯ ಪಕ್ಕದಲ್ಲಿ ಧರ್ಮದ ಷರತ್ತು ಇಡಬಾರದು.

ಹಣದ ಮೂಲ ಝಕಾತ್, ಅಂದರೆ ಉಳ್ಳ ಮುಸ್ಲಿಮರು ಕಡ್ಡಾಯವಾಗಿ ಕೊಡಬೇಕಾದ ಪಾಲು, ಮತ್ತು ದಾನ. ಝಕಾತಿಗೆ ಅರ್ಹರಾದ ಎಂಟು ವರ್ಗಗಳಲ್ಲಿ ಬಡವರ ಜೊತೆಗೆ ಸಾಲಗಾರರೂ ದಾರಿಹೋಕರೂ ಇದ್ದಾರೆ. ಈ ಕುಟುಂಬಗಳು ಮೂರೂ ಹೌದು. ಮೇಸ್ತ್ರಿಯ ಮುಂಗಡ ತೀರುವವರೆಗೆ ಹೋಗುವಂತಿಲ್ಲ ಎಂದಿದ್ದ ಒಂದು ಕುಟುಂಬದ ಮುಂಗಡವನ್ನು ಝಕಾತಿನಿಂದ ತೀರಿಸೋಣವೆಂದು ಸಮಿತಿಯಲ್ಲಿ ಮಾತು ಬಂತು. ಕರುಣೆಯ ಮಾತು, ಆದರೆ ಮಾಡಬಾರದ್ದು. ಮುಂಗಡ ಕೊಟ್ಟು ಬಿಟ್ಟುಹೋಗದಂತೆ ಕಟ್ಟಿಹಾಕಿದರೆ ಅದು ಜೀತ. 1976ರ ಕಾಯ್ದೆಯ ಪ್ರಕಾರ ಜೀತದ ಸಾಲ ಸತ್ತ ಸಾಲ, ಅದನ್ನು ವಸೂಲಿ ಮಾಡುವುದೇ ಅಪರಾಧ. ತೀರಿಸಿದರೆ ಮುಂದಿನ ವರ್ಷ ಅದೇ ಮೇಸ್ತ್ರಿ ಇನ್ನೂ ದೊಡ್ಡ ಮುಂಗಡ ಕೊಟ್ಟು ಕರೆತರುತ್ತಾನೆ. ಆ ವಿಷಯ ತಹಶೀಲ್ದಾರರ ಬಳಿಗೆ ಹೋಯಿತು. ಝಕಾತಿನ ಹಣ ಅಕ್ಕಿಗೆ, ಅಜ್ಜಿಯ ಕೂಲಿಗೆ, ವಾಪಸು ಹೋಗುವವರ ರೈಲಿನ ದಾರಿಖರ್ಚಿಗೆ ಹೋಯಿತು.

ಕಳೆದುಹೋದ ಮೂವರು

ಜನವರಿಯಲ್ಲಿ ಯಾರೋ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದರು. ತಪ್ಪೇನಲ್ಲ, ದುಡಿಯುವ ಮಗುವನ್ನು ಕಂಡು ಮುಚ್ಚಿಡುವುದು ತಪ್ಪು. ಆದರೆ ತಪಾಸಣೆಗೆ ಬರುವ ಸುದ್ದಿ ಮೊದಲೇ ಸೋರಿತು. ಆ ರಾತ್ರಿ ಮೇಸ್ತ್ರಿ ಎರಡು ಕುಟುಂಬಗಳನ್ನು ಜೀಪಿನಲ್ಲಿ ಬೇರೆ ತೋಟಕ್ಕೆ ಸಾಗಿಸಿದ. ಶಾಲೆಯ ಹಾಜರಿಯಲ್ಲಿ ಮೂರು ಹೆಸರಿನ ಮುಂದೆ ಗೆರೆ ಬಿತ್ತು. ಅವರು ಅಷ್ಟರಲ್ಲಿ ದಿನವೂ ಶಾಲೆಗೆ ಬರುತ್ತಿದ್ದ ಮಕ್ಕಳು ಎಂಬುದೇ ಹೆಚ್ಚು ನೋಯಿಸುವುದು. ದೂರು ಕೊಡುವ ಮುನ್ನ ಕೇಳಿಕೊಳ್ಳಬೇಕಾದ್ದು, ನಾಳೆ ಬೆಳಿಗ್ಗೆ ಈ ಮಕ್ಕಳು ಎಲ್ಲಿರುತ್ತಾರೆ, ಯಾರ ಜೊತೆ, ಏನು ತಿನ್ನುತ್ತಾರೆ ಎಂದು. ಉತ್ತರವನ್ನು ಮಕ್ಕಳ ಕಲ್ಯಾಣ ಸಮಿತಿಯ ಜೊತೆ ಕೂತು ಮೊದಲೇ ಬರೆದಿಟ್ಟುಕೊಂಡು ದೂರು ಕೊಡುವುದು ಸಾಧ್ಯವಿತ್ತು.

ರಂಜಾನ್

ಮದ್ರಸಗಳಿಗೆ ದೊಡ್ಡ ರಜೆ ರಂಜಾನಿನಲ್ಲಿ. 2025ರಲ್ಲಿ ಅದು ಮಾರ್ಚ್ 2ಕ್ಕೆ ಶುರುವಾಯಿತು, 2026ರಲ್ಲಿ ಫೆಬ್ರವರಿ ಮೂರನೇ ವಾರಕ್ಕೇ. ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತ ರಂಜಾನ್ ಈಗ ಕುಯ್ಲಿನೊಳಗೇ ಬರತೊಡಗಿದೆ. ಮದ್ರಸ ಮುಚ್ಚಿದರೆ ತಿಂಡಿ ನಿಲ್ಲುತ್ತದೆ, ತಿಂಡಿ ನಿಂತರೆ ನಡಿಗೆ ನಿಲ್ಲುತ್ತದೆ. ಇದನ್ನು ಯಾರೂ ಮೊದಲೇ ಯೋಚಿಸಿರಲಿಲ್ಲ. ಮೊದಲ ಎರಡು ದಿನ ಶಾಲೆಗೆ ಬಂದದ್ದು ಮೂವರು. ಉಸ್ತಾದರು ಊರಿಗೆ ಹೋಗಿದ್ದರು. ಸಣ್ಣ ಮಕ್ಕಳಿಗೆ ಉಪವಾಸವಿಲ್ಲ, ದೊಡ್ಡ ಹುಡುಗರು ಹಟ ಹಿಡಿದು ಮಾಡುತ್ತಾರೆ. ಕೊನೆಗೆ ತಿಂಡಿಯ ಒಲೆ ಮದ್ರಸದಿಂದ ಕೂಸಿನ ಕೋಣೆಗೆ ಬಂತು, ನಡಿಗೆ ಅಲ್ಲಿಂದಲೇ ಹೊರಟಿತು. ಒಂಬತ್ತು ಮಕ್ಕಳು ಮರಳಿದರು. ಮುಂದಿನ ಕುಯ್ಲಿಗೆ ಈ ಕೆಲಸವನ್ನು ಯಾರು ಕೈಗೆತ್ತಿಕೊಂಡರೂ ರಂಜಾನಿನ ತಿಂಗಳಿಗೆ ಬೇರೆ ಸರದಿ ಪಟ್ಟಿಯನ್ನು ನವೆಂಬರಿನಲ್ಲೇ ಮಾಡಿಕೊಳ್ಳಲಿ.

ಈದ್‌ಗೆ ಊರು ಸೇರಲು ಕುಟುಂಬಗಳು ಮಾರ್ಚ್ ಮೂರನೇ ವಾರದಿಂದ ಹೊರಟವು. ಟಿಕೆಟ್ ಇಂದು ಸಿಕ್ಕರೆ ನಾಳೆ ಹೋಗುತ್ತಾರೆ, ಶಾಲೆಗೆ ಹೇಳುವ ರೂಢಿಯಿಲ್ಲ. ಮುಖ್ಯೋಪಾಧ್ಯಾಯಿನಿ ಮಾರ್ಚ್ ಹತ್ತಕ್ಕೇ ಹನ್ನೊಂದು ಮಕ್ಕಳ ವರ್ಗಾವಣೆ ಪತ್ರವನ್ನು ತಾರೀಕು ಬಿಟ್ಟು ಸಿದ್ಧಮಾಡಿ ಇಟ್ಟಿದ್ದರು. ಕೇಳಿದ ಕೂಡಲೇ ಕೊಡಬೇಕೆಂದು ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಮಿನಲ್ಲಿದೆ, ಇವರು ಕೇಳುವ ಮೊದಲೇ ಮಾಡಿದರು. ಕನ್ನಡದ ಪತ್ರವನ್ನು ಅಸ್ಸಾಮಿನ ಬರ್ಪೇಟಾದಲ್ಲಿ ಓದುವವರಿಲ್ಲವಾದ್ದರಿಂದ ಇಂಗ್ಲಿಷಿನ ಒಂದು ಹಾಳೆ: ಮಗುವಿನ ಹೆಸರು, ತರಗತಿ, ಸ್ಯಾಟ್ಸ್ ಸಂಖ್ಯೆ, ದೇಶದ ಎಲ್ಲ ಶಾಲೆಗಳಲ್ಲೂ ನಡೆಯುವ ಪೆನ್ ಸಂಖ್ಯೆ, ಹಾಜರಾದ ದಿನಗಳು, ಓದು ಬರಹ ಎಲ್ಲಿಯವರೆಗೆ ಬಂದಿದೆ ಎಂಬ ಎರಡು ಸಾಲು. ಮೂರು ಪ್ರತಿ, ಒಂದು ಪ್ಲಾಸ್ಟಿಕ್ ಕವರಿನಲ್ಲಿ. ಚರ್‌ನಲ್ಲಿ ಕಾಗದ ಮೊದಲು ಹಾಳಾಗುವುದು ನೀರಿಗೆ.

ಏಳು ಮಕ್ಕಳು ಪತ್ರ ಹಿಡಿದು ಹೋದರು. ಒಂದು ಕುಟುಂಬ ರಾತ್ರೋರಾತ್ರಿ ಹೊರಟಿತು, ಅವರ ಪತ್ರ ಇನ್ನೂ ಶಾಲೆಯ ಬೀರುವಿನಲ್ಲಿದೆ. ಹೋದ ಏಳರಲ್ಲಿ ಮೂವರು ಅಲ್ಲಿನ ಶಾಲೆಗೆ ಸೇರಿದ್ದನ್ನು ಉಸ್ತಾದರ ಫೋನಿಗೆ ಬಂದ ಫೋಟೊ ಹೇಳಿತು. ಮರಗಸಿ (ನೆರಳಿನ ಮರದ ಕೊಂಬೆ ಸವರುವುದು), ಕಳೆ ಕೆಲಸಕ್ಕೆಂದು ಇಲ್ಲೇ ಉಳಿದ ಎರಡು ಕುಟುಂಬಗಳ ಮೂರು ಮಕ್ಕಳ ಹೆಸರು ಜೂನ್‌ನ ಹಾಜರಿ ಪುಸ್ತಕದಲ್ಲಿದೆ.

ಐದು ಹುಡುಗಿಯರಲ್ಲಿ ಕೊನೆಯವರೆಗೂ ಶಾಲೆಗೆ ಬಾರದವಳು ಒಬ್ಬಳು, ಹದಿಮೂರು ವರ್ಷದವಳು. ಅವಳ ತಮ್ಮ ಕೂಸಿನ ಕೋಣೆಯಲ್ಲಿ ನಿಲ್ಲುತ್ತಿರಲಿಲ್ಲ, ಅಕ್ಕ ಕಣ್ಣಿಗೆ ಮರೆಯಾದರೆ ಉಸಿರು ಕಟ್ಟುವಂತೆ ಅಳುತ್ತಿದ್ದ. ಅವಳು ಮದ್ರಸದ ಎರಡು ಗಂಟೆ ಮಾತ್ರ ಬಂದು, ತಮ್ಮನನ್ನು ತೊಡೆಯ ಮೇಲಿಟ್ಟುಕೊಂಡೇ ಕೆಂಪು ಚುಕ್ಕಿಯಿಂದ ಹೊರಟು ತನ್ನ ಹೆಸರು ಬರೆಯುವುದನ್ನು ಕಲಿತಳು. ಆ ಕುಟುಂಬ ಉಳಿದ ಎರಡರಲ್ಲಿ ಒಂದು. ತಮ್ಮನಿಗೆ ಆಗಸ್ಟಿನಲ್ಲಿ ಮೂರು ತುಂಬುತ್ತದೆ, ಅಂಗನವಾಡಿ ಟೀಚರ್ ಅವನ ಹೆಸರು ಬರೆದುಕೊಂಡಿದ್ದಾರೆ. ಅಕ್ಕನನ್ನೂ ಮೊದಲ ಕೆಲವು ವಾರ ಅಲ್ಲೇ ಪಕ್ಕದಲ್ಲಿ ಕೂರಿಸಿಕೊಳ್ಳಲು ಒಪ್ಪಿದ್ದಾರೆ. ಅಂಗನವಾಡಿಗೂ ಶಾಲೆಗೂ ಒಂದೇ ಕಾಂಪೌಂಡು.